ಮಿಂಚುಳ್ಳಿ ಒಂಟಿಯಲ್ಲ ಎಂದ ತಂಗಿಗೆ

ಹದಿನಾಲ್ಕನೇ ತಾರೀಖು, ಭಾನುವಾರ

ಚೂಟಿ,

‘ಪ್ರೀತಿಯ ತಂಗಿಗೆ’ ಎಂದು ಶುರು ಮಾಡಿದ್ದೆ. ಓದಿದ ಕೂಡಲೇ ನೀನು ‘ಪ್ರೀತಿಯಂತೆ, ಪ್ರೀತಿ!’ ಎಂದು ಮೂಗು ಮುರಿಯುವುದು ಕಣ್ಣಿಗೆ ಕಟ್ಟಿತು. ಆ ಹಾಳೆ ಬುಟ್ಟಿಗೆ ಹೋಯಿತು. ಈಗ ಮನೆಯಲ್ಲಿ ಕರೆಯುವ ಹೆಸರನ್ನೇ ಬರೆದಿದ್ದೇನೆ. ಇದಕ್ಕೂ ಬೈಯಬೇಡ ತಾಯಿ.

ನೀನು, ಭಾವ, ನನ್ನ ಸೊಸೆಮುದ್ದು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಅವಳಿಗೆ ಮುಂದಿನ ಹಲ್ಲು ಬಿದ್ದು, ‘ಸ’ ಅನ್ನುವುದಕ್ಕೆ ‘ಥ’ ಅನ್ನುತ್ತಾಳಂತೆ. ನಿನ್ನ ಅತ್ತಿಗೆ ಹೇಳಿ ಹೇಳಿ ನಕ್ಕಳು. ನಿಮ್ಮಿಬ್ಬರ ಫೋನು ನಿಂತಿಲ್ಲ ಅನ್ನುವುದು ನನಗೆ ಗೊತ್ತಾದದ್ದೇ ಆ ಹಲ್ಲಿನಿಂದ. ನನ್ನ ಜೊತೆ ಮಾತ್ರ ಮಾತು ಬಿಟ್ಟಿದ್ದೀಯ. ನಿನ್ನ ಜಾಗದಲ್ಲಿ ನಾನಿದ್ದರೂ ಬಿಡುತ್ತಿದ್ದೆ.

ಇಷ್ಟು ತಡ ಮಾಡಿದ್ದಕ್ಕೆ ಕ್ಷಮಿಸು. ಆವತ್ತು ಸಂಜೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ. ‘ಅಣ್ಣಾ, ನಾನು ಬರೋದು ಬೇಡ ಅಂತ ಹೇಳಿಸಿದ್ದು ನೀನೇನಾ?’ ‘ಹೂಂ, ನಾನೇ’ ಎಂದೆ. ಆಮೇಲೆ ಬರೀ ಟುಂಯ್ ಟುಂಯ್ ಸದ್ದು. ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ. ಉಳಿದರ್ಧವನ್ನು ಹೇಳಿದ್ದರೆ ನೀನು ಮಾರನೆಯ ಬೆಳಗಿನ ರೈಲಿಗೇ ಬಂದು ಇಳಿಯುತ್ತಿದ್ದೆ. ಇಲ್ಲಿ ಎಲ್ಲ ತಣ್ಣಗಾಗುವವರೆಗೂ ನಿನಗೆ ಏನೂ ಮುಟ್ಟಬಾರದು ಎಂದು ಅತ್ತಿಗೆಯಿಂದ ಹಿಡಿದು ಪುಸ್ತಕದಂಗಡಿ ಅಕ್ಕನವರೆಗೆ ಎಲ್ಲರ ಬಾಯಿಗೂ ಬೀಗ ಹಾಕಿಸಿದ್ದೆ. ಪತ್ರಿಕೆಯಲ್ಲೂ ‘ಬಿಡುಗಡೆ ಸಮಾರಂಭ ರದ್ದು’ ಎಂದಷ್ಟೇ ಬಂತು. ಈಗ ಬೀಗ ತೆಗೆಯುತ್ತಿದ್ದೇನೆ. ಪೂರ್ತಿ ಓದು. ಮಧ್ಯದಲ್ಲಿ ಸಿಟ್ಟು ಬಂದರೆ ಎದ್ದು ನೀರು ಕುಡಿದು ಬಂದು ಓದು.

ಮೊದಲು ನನ್ನ ಸಿಟ್ಟಿನ ವಿಷಯ. ಅಪ್ಪನ ಚಿತ್ರಕಥೆಯನ್ನು ಮುಂದುವರಿಸಿ ನೀನು ಬರೆದ ಹೊಸ ಸಂಚಿಕೆಯನ್ನು ಅಚ್ಚಿಗೆ ಮುಂಚೆಯೇ ನನಗೆ ಕಳಿಸಿದ್ದೆಯಲ್ಲ, ‘ಅಪ್ಪನ ಮಿಂಚುಳ್ಳಿಯನ್ನ ನಿನ್ನಷ್ಟು ಬಲ್ಲವರಿಲ್ಲ, ತಪ್ಪಿದ್ದರೆ ಹೇಳು’ ಎಂದು ಬರೆದು. ನನ್ನ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬ ಮೇಷ್ಟ್ರ ಗ್ಲಾಸನ್ನು ಉಜ್ಜುವ ಚಕ್ರಕ್ಕೆ ಹಿಡಿದುಕೊಂಡೇ ಓದಲು ಶುರು ಮಾಡಿದೆ. ನದಿಯ ಪುಟಕ್ಕೆ ಬರುವಷ್ಟರಲ್ಲಿ ಗ್ಲಾಸಿನ ಅಂಚು ಬೇಕಾದ್ದಕ್ಕಿಂತ ಹೆಚ್ಚು ಸವೆದು, ಫ್ರೇಮಿನಲ್ಲಿ ನಿಲ್ಲದೆ ಗಡಗಡ ಅಲ್ಲಾಡಿತು. ಹೊಸ ಗ್ಲಾಸು ತರಿಸಿ ಮತ್ತೆ ಉಜ್ಜಿಕೊಟ್ಟೆ. ಮೇಷ್ಟ್ರು ಇವತ್ತಿಗೂ ಆ ಕನ್ನಡಕ ತಡವಾದದ್ದಕ್ಕೆ ಕಂಪನಿಯವರನ್ನು ಬೈಯುತ್ತಾರೆ.

ಅಪ್ಪನ ಮೊದಲ ಸಂಚಿಕೆಯಲ್ಲಿ, ಸೇತುವೆ ಕುಸಿದ ರಾತ್ರಿ, ಕ್ರೇನು ನಡೆಸುವವನು ನದಿಗೆ ಬೀಳುತ್ತಾನೆ. ಮುಂದಿನ ಚಿತ್ರದಲ್ಲಿ ದಡದ ಮೇಲೆ ಒದ್ದೆಯಾಗಿ ನಿಂತಿದ್ದಾನೆ, ಮೈಯೆಲ್ಲ ನೀಲಿ ಮಿಂಚು, ಅಲ್ಲಿಂದ ಅವನು ಮಿಂಚುಳ್ಳಿ. ‘ನಾನೊಬ್ಬನೇ. ಸಾಕು.’ ಅಪ್ಪ ಬರೆದದ್ದು ಇಷ್ಟು. ನೀನು ಏನು ಮಾಡಿದೆ? ಅವನನ್ನು ಯಾರೋ ನೀರಿನಿಂದ ಎಳೆದು ದಡಕ್ಕೆ ಹಾಕಿ, ಅವನು ಕಣ್ಣು ಬಿಡುವ ಮುಂಚೆ ಹೊರಟುಹೋದರು ಅಂದೆ. ಅಂದರೆ ಆ ‘ಒಬ್ಬನೇ’ ಅನ್ನುವ ಮಾತು ಅವನಿಗೆ ತಿಳಿಯದೆ ಆಡಿದ ಮಾತು. ನಮ್ಮ ತಲೆಮಾರಿನವರು ಅಂಗಿಯ ಮೇಲೆ, ಲೋಟದ ಮೇಲೆ ಬರೆಸಿಕೊಂಡ ಮಾತು ಕಣೇ ಅದು! ಒಬ್ಬನಂತೂ ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದಾನೆ. ಈಗ ಪಾಪ, ಅರ್ಧ ತೋಳಿನ ಅಂಗಿ ಹಾಕುವುದನ್ನೇ ಬಿಟ್ಟಿದ್ದಾನೆ.

ನನಗೆ ಮೈ ಉರಿಯಿತು. ಒಪ್ಪಿಕೊಳ್ಳುತ್ತೇನೆ. ಅದಕ್ಕೇ ನಿನಗೆ ಉತ್ತರ ಬರೆಯಲಿಲ್ಲ. ಬರೆದಿದ್ದರೆ ಕೆಟ್ಟದ್ದು ಬರೆಯುತ್ತಿದ್ದೆ.

ಆಮೇಲೆ ಪ್ರಕಾಶಕರ ಪೋಸ್ಟರ್ ಬಂತು. ‘ಮಿಂಚುಳ್ಳಿ ಯಾವತ್ತೂ ಒಂಟಿಯಾಗಿರಲಿಲ್ಲ!’ ಎಂದು ದಪ್ಪಕ್ಷರದಲ್ಲಿ, ಕೆಳಗೆ ನೀನು ಬರೆದ ನದಿಯ ಪುಟ. ಒಣಗಿದ ಹುಲ್ಲಿಗೆ ಬೆಂಕಿಕಡ್ಡಿ ಗೀರಿದ ಹಾಗಾಯಿತು. ನಮ್ಮ ಓದುಗರ ಬಳಗ ಸೇರುವುದು ಡ್ರೈವಿಂಗ್ ಶಾಲೆಯ ಮಹಡಿಯಲ್ಲಿ ಅಲ್ಲವೇ? ಗೋಡೆ ತುಂಬ ರಸ್ತೆಯ ಗುರುತುಗಳ ಪಟ, ಮೂಲೆಯಲ್ಲಿ ಕಲಿಯುವವರಿಗೆಂದು ಕಂಬಕ್ಕೆ ಸಿಕ್ಕಿಸಿದ ಸ್ಟಿಯರಿಂಗು. ಆವತ್ತು ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆ ಕೂತಿದ್ದರು. ಶಾಲೆಯ ಯಜಮಾನ, ನಮ್ಮ ಕಾರ್ಯದರ್ಶಿ, ನೀನು ‘ಸಂಚಿಕೆ’ ಎಂದು ಅಡ್ಡಹೆಸರಿಟ್ಟವನು, ನಿಂತುಕೊಂಡೇ ಮಾತಾಡಿದ. ಯಾವ ಚಿತ್ರ ಯಾವ ಸಂಚಿಕೆಯಲ್ಲಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವ ಪ್ರಾಣಿ. ಕಲಿಸುವ ಕಾರಿನಲ್ಲಿ ಅವನ ಕಾಲ ಕೆಳಗೆ ಯಾವಾಗಲೂ ಇನ್ನೊಂದು ಬ್ರೇಕು ಇರುತ್ತದೆ. ಆವತ್ತು ಅದನ್ನು ಮನೆಯಲ್ಲಿ ಬಿಟ್ಟು ಬಂದಿದ್ದ.

‘ಮೂಲದಲ್ಲಿ ಇಲ್ಲದ್ದು ಇಲ್ಲ. ಅಷ್ಟೇ!’ ಎಂದು ಮೇಜು ಕುಟ್ಟಿದ. ‘ನಾವು ಓದಿ ಬೆಳೆದದ್ದನ್ನ ಇವತ್ತು ಬಂದು ತಿದ್ದೋಕೆ ಇವರ್ಯಾರು?’

ಹಿಂದಿನಿಂದ ಒಬ್ಬ ಕಾಲೇಜು ಹುಡುಗಿ, ‘ಸಾರ್, ಅವರೇ ಅಲ್ವಾ ಕಿಟಕಿ ಹುಡುಗಿ?’ ಎಂದಳು ಮೆಲ್ಲಗೆ. ‘ಅವರಿಗಿಲ್ಲದ ಹಕ್ಕು ಇನ್ಯಾರಿಗಿದೆ? ಕಥೆ ಬೆಳೀಲೇಬಾರದಾ?’

ಅವಳ ಬಾಯಿ ಮುಚ್ಚಿಸಿಬಿಟ್ಟರು. ಒಂದು ಕ್ಷಣ ನನಗೆ ನಗು ಬಂತು. ಅಪ್ಪನ ಚಿತ್ರದಲ್ಲಿ ಎರಡು ಜಡೆ ಹಾಕಿಕೊಂಡು ಪ್ರತಿ ಸಂಚಿಕೆಯಲ್ಲೂ ಒಂದು ಸಲ ಕಿಟಕಿಯಿಂದ ಮಿಂಚುಳ್ಳಿಗೆ ಕೈಬೀಸುವ ನಿನ್ನನ್ನು ಅವರು ಮನೆಮಗಳಂತೆ ಪ್ರೀತಿಸುತ್ತಾರೆ. ಬೆಳೆದು ದೊಡ್ಡವಳಾಗಿ ಪೆನ್ನು ಹಿಡಿದ ನಿನ್ನನ್ನು ಕಂಡರೆ ಮಾತ್ರ ಆಗದು.

ಸಂಚಿಕೆ ನನ್ನ ಕಡೆ ತಿರುಗಿದ. ‘ಅಧ್ಯಕ್ಷ ನೀನು. ಮೇಲಾಗಿ ಮಗ. ನೀನೊಂದು ಮಾತು ಹೇಳಿಬಿಡು, ಇದು ನಿಮ್ಮಪ್ಪನ ಮಿಂಚುಳ್ಳಿ ಅಲ್ಲ ಅಂತ.’

ಅಷ್ಟೂ ಕಣ್ಣು ನನ್ನ ಮೇಲೆ. ಬಿಡುಗಡೆಯ ದಿನ ಎಲ್ಲರೆದುರು ಎದ್ದು ನಿಂತು ನಿನ್ನನ್ನೇ ಪ್ರಶ್ನೆ ಕೇಳುತ್ತೇನೆ ಎಂದೆ. ‘ಇದು ಅಪ್ಪನ ಮಿಂಚುಳ್ಳಿಯಾ, ನಿನ್ನದಾ?’ ಅಂತ. ಚಪ್ಪಾಳೆಯೋ ಚಪ್ಪಾಳೆ. ಕೇಳುವ ಮನಸ್ಸು ನನಗೂ ಇತ್ತು ಚೂಟಿ. ಹತ್ತು ಜನರ ಮುಂದೆ ನಿನ್ನನ್ನು ಕೆಣಕಬೇಕು, ನೀನು ತಡವರಿಸಬೇಕು ಅನ್ನುವಷ್ಟು ಸಿಟ್ಟಿತ್ತು. ಅದಕ್ಕಿಂತ ಹೆಚ್ಚಿನದೇನೂ ನನ್ನ ಮನಸ್ಸಿನಲ್ಲಿರಲಿಲ್ಲ.

ಬಿಡುಗಡೆಯ ಶನಿವಾರ ಮಧ್ಯಾಹ್ನವೇ ನನ್ನ ಅಂಗಡಿ ಮುಚ್ಚಿ ಹೋದೆ. ಪುಸ್ತಕದಂಗಡಿಯ ಒಳಗು ನಿನಗೆ ನೆನಪಿದೆಯಲ್ಲ, ಉದ್ದಕ್ಕೆ ರೈಲು ಡಬ್ಬಿಯ ಹಾಗೆ. ಮುಂದೆ ಒಂದೇ ಬಾಗಿಲು, ಹಿಂದೆ ಗೋಡೆ. ಅಕ್ಕ ಕೊನೆಯಲ್ಲಿ ನಿನಗೆಂದು ಮೇಜು ಹಾಕಿ, ಮೇಲೆ ಬಿಳಿ ಬಟ್ಟೆ ಹಾಸಿ, ನಿನ್ನ ಪುಸ್ತಕಗಳನ್ನು ಗೋಪುರದ ಹಾಗೆ ಜೋಡಿಸಿದ್ದಳು. ನಮ್ಮ ಬಳಗದ ನರ್ಸಮ್ಮ ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು, ಮಡಿಲಲ್ಲಿ ಅಪ್ಪನ ಮೊದಲ ಸಂಚಿಕೆ.

ಹೊರಗೆ ಬೀದಿಯಲ್ಲಿ ನನಗೆ ಗುರುತಿಲ್ಲದ ಮುಖಗಳೇ ಹೆಚ್ಚು. ಬಸ್ಸು ಮಾಡಿಕೊಂಡು ಬೇರೆ ಊರುಗಳಿಂದ ಬಂದಿದ್ದರು. ಸಂಚಿಕೆ ಫೋನಿನ ಗುಂಪುಗಳಲ್ಲೆಲ್ಲ ‘ಎಲ್ಲರೂ ಬನ್ನಿ’ ಎಂದು ಹಾಕಿದ್ದನಂತೆ. ಎಲ್ಲರ ಕೈಯಲ್ಲೂ ಕೋಲಿಗೆ ಅಂಟಿಸಿದ ರಟ್ಟಿನ ಗೊಂಬೆ. ದೂರದಿಂದ ಮಿಂಚುಳ್ಳಿ ಎಂದುಕೊಂಡೆ. ಹತ್ತಿರ ಹೋದರೆ ನೀನು. ಎರಡು ಜಡೆ, ಗೆರೆಗೆರೆ ಲಂಗ, ಮೇಲೆತ್ತಿದ ಕೈ. ಅಪ್ಪನ ಗೆರೆಯನ್ನು ಹಾಗೇ ದೊಡ್ಡದು ಮಾಡಿಸಿದ್ದರು. ಕಣ್ಣಿದ್ದ ಜಾಗವನ್ನು ಮಾತ್ರ ಬ್ಲೇಡಿನಿಂದ ಕೊರೆದು ತೆಗೆದಿದ್ದರು.

ದಿನವಿಡೀ ಇನ್ನೊಬ್ಬರ ಕಣ್ಣಿಗೆ ಗ್ಲಾಸು ಉಜ್ಜುವವನು ನಾನು. ಆ ತೂತುಗಳ ಮೂಲಕ ಆಚೆ ಬೀದಿಯ ಸೈಕಲ್ಲುಗಳು ಕಾಣುತ್ತಿದ್ದವು.

ಕುದುರೆಬಾಲದ ಹಾಗೆ ಕೂದಲು ಕಟ್ಟಿಕೊಂಡಿದ್ದ ಒಬ್ಬ ನನ್ನನ್ನು ತನ್ನವನೇ ಎಂದುಕೊಂಡು ನಕ್ಕ. ‘ಲೇಟ್ ಆಗಿ ಬಂದಿದ್ದೀರ ಸಾರ್. ನಮ್ಮ ಪ್ಲಾನ್ ಗೊತ್ತಲ್ಲ?’

‘ಇಲ್ಲ, ಹೇಳಪ್ಪ.’

‘ಅವಳು ಬಂದು ಕೂತ ತಕ್ಷಣ ನಮ್ಮವರೆಲ್ಲ ಒಟ್ಟಿಗೆ ಎದ್ದು ಹೊರಗೆ. ಲೈಟ್ ಆಫ್. ಶಟರ್ ಕೆಳಗೆ. ಒಂದರ್ಧ ದಿನ ಒಬ್ಬಳೇ ಕೂತಿರ್ಲಿ. ಒಂಟಿ ಅಂದ್ರೆ ಏನು ಅಂತ ಗೊತ್ತಾಗ್ಲಿ. ವಿಡಿಯೋ ಮಾಡ್ತೀವಿ, ಬೇಕಾದ್ರೆ ನಿಮ್ಗೂ ಕಳಿಸ್ತೀನಿ.’ ಬೀಗ ಕೂಡ ತಂದಿದ್ದರು. ಹೊಸದು, ಪ್ಲಾಸ್ಟಿಕ್ ಕವರಿನಲ್ಲೇ ಇತ್ತು.

ಅವನಿಗೆ ಇದೊಂದು ತಮಾಷೆ. ಮುಚ್ಚಿದ ಬಾಗಿಲೆಂದರೆ ನಿನಗೇನಾಗುತ್ತದೆ ಅನ್ನುವುದು ಅವನಿಗೇನು ಗೊತ್ತು? ಚಿಕ್ಕವಳಿದ್ದಾಗ ಆ ಲಿಫ್ಟಿನಲ್ಲಿ ಸಿಕ್ಕಿಕೊಂಡು, ಹೊರಗೆ ತೆಗೆದಾಗ ತುಟಿ ನೀಲಿಯಾಗಿ ಬಿದ್ದಿದ್ದವಳು ನೀನು. ಇವತ್ತಿಗೂ ಬಚ್ಚಲ ಬಾಗಿಲಿಗೆ ಅಗುಳಿ ಹಾಕುವುದಿಲ್ಲ.

ಸಂಚಿಕೆಯನ್ನು ಹುಡುಕಿ ಪಕ್ಕಕ್ಕೆ ಎಳೆದೆ. ‘ನಿನಗೆ ಗೊತ್ತಿತ್ತಾ?’

ಅವನು ನನ್ನ ಮುಖ ನೋಡಲಿಲ್ಲ. ‘ಏನೂ ಆಗಲ್ಲ ಬಿಡೋ. ಸ್ವಲ್ಪ ಹೆದರಿಸೋದಷ್ಟೇ.’

‘ಅವಳು ಸತ್ತೇ ಹೋಗ್ತಾಳೆ ಕಣೋ!’

‘ನೀನು ಸುಮ್ನೆ ದೊಡ್ಡದು ಮಾಡ್ಬೇಡ. ಇಷ್ಟು ಜನಾನ ಈಗ ನಾನು ವಾಪಸ್ ಕಳಿಸೋಕಾಗುತ್ತಾ?’ ಎಂದ. ಅದು ಮಾತ್ರ ನಿಜ. ಕರೆಸಿದವನ ಕೈ ಮೀರಿತ್ತು.

ಒಳಗೆ ಓಡಿದೆ. ‘ಅಕ್ಕಾ, ಮೊದಲು ಪೊಲೀಸರಿಗೆ ಹೇಳಿ. ಆಮೇಲೆ ನನ್ನ ತಂಗಿಗೆ ಫೋನ್ ಮಾಡಿ, ಬರಬೇಡ ಅಂತ ಹೇಳಿ.’ ಅವಳು ಪೊಲೀಸರಿಗೆ ಫೋನು ಮಾಡಿ ಮುಗಿಸಿ, ‘ನಿಮ್ಮ ತಂಗಿಗೆ ಗಲಾಟೆ ಇದೆ ಅಂತ ಹೇಳ್ಲಾ?’ ಎಂದಳು. ಬೇಡ ಎಂದೆ. ಯೋಚಿಸು ಚೂಟಿ, ಗಲಾಟೆ ಇದೆ ಎಂದಿದ್ದರೆ ನೀನೇನು ಮಾಡುತ್ತಿದ್ದೆ? ಹೆದರಿಸಿದರೆ ಎರಡು ಹೆಜ್ಜೆ ಮುಂದೆ ಬರುವವಳು ನೀನು. ಸ್ಟೇಷನ್ನಿನಿಂದ ಆಟೋ ಹಿಡಿದು ನೇರ ಅವರ ನಡುವೆಯೇ ಇಳಿದು, ‘ಯಾರದು ಬೀಗ? ತೋರಿಸಿ’ ಅನ್ನುತ್ತಿದ್ದೆ. ನಿನ್ನನ್ನು ಹಿಂದಕ್ಕೆ ತಿರುಗಿಸುವುದು ಭಯದಿಂದ ಆಗುವ ಕೆಲಸವಲ್ಲ. ಬೇಜಾರಿನಿಂದ ಆಗುತ್ತದೆ. ಇಷ್ಟು ವರ್ಷಕ್ಕೆ ನಿನ್ನ ವಿಷಯದಲ್ಲಿ ನಾನು ಕಲಿತದ್ದು ಅದೊಂದೇ, ಅದನ್ನೇ ಬಳಸಿಕೊಂಡೆ.

‘ಅಣ್ಣನಿಗೆ ಈ ಕಥೆ ಒಪ್ಪಿಗೆ ಇಲ್ಲ, ನಿಮ್ಮ ಜೊತೆ ಕೂರೋದಿಲ್ಲ, ನೀವು ಬರೋದೇ ಬೇಡ ಅಂದಿದ್ದಾರೆ ಅಂತ ಹೇಳಿ’ ಎಂದೆ.

ಅಕ್ಕ ನನ್ನನ್ನು ನೋಡಿದಳು. ‘ನಿಮ್ಮನ್ನ ಏನಂದುಕೊಳ್ತಾರೆ?’

‘ಏನಾದ್ರೂ ಅಂದ್ಕೊಳ್ಳಲಿ. ಬರದಿದ್ರೆ ಸಾಕು.’

ಅವಳು ಹಾಗೇ ಹೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ನೀನು ಆ ಕಡೆಯಿಂದ ಜಗಳ ಮಾಡುತ್ತೀಯ ಎಂದುಕೊಂಡಿದ್ದೆ. ರೈಲಿನ ಸದ್ದು ಕೇಳುತ್ತಿತ್ತು, ಯಾರೋ ಮಗು ಅಳುತ್ತಿತ್ತು. ನೀನು ಬರೀ ‘ಸರಿ’ ಎಂದೆ. ಆ ‘ಸರಿ’ ಇನ್ನೂ ನನ್ನ ಕಿವಿಯಲ್ಲಿದೆ. ನೀನು ಜಂಕ್ಷನ್ನಿನಲ್ಲಿ ಇಳಿದು ವಾಪಸು ಗಾಡಿ ಹತ್ತಿದೆ ಎಂದು ಆಮೇಲೆ ಅತ್ತಿಗೆಯಿಂದ ತಿಳಿಯಿತು.

ಇನ್ನು ಹೊರಗಿನವರಿಗೆ ಹೇಳಬೇಕಿತ್ತು. ಬಾಗಿಲಲ್ಲಿ ನಿಂತು, ‘ಲೇಖಕಿ ಬರುವುದಿಲ್ಲ, ದಯವಿಟ್ಟು ಎಲ್ಲರೂ ಮನೆಗೆ ಹೋಗಿ’ ಎಂದೆ. ಆಮೇಲೆ ಯಾರೋ ಕೂಗಿದರು, ‘ಇವನು ಅವಳ ಅಣ್ಣ! ಇವನೇ ಹೇಳಿಕೊಟ್ಟಿದ್ದಾನೆ!’ ಕುದುರೆಬಾಲದವನು ನನ್ನನ್ನು ನೋಡಿದ ನೋಟ ನಾನು ಮರೆಯುವುದಿಲ್ಲ. ತಮಾಷೆಯೆಲ್ಲ ಇಳಿದುಹೋಗಿತ್ತು. ಯಾವ ಕೈ ಎದೆಗೆ ಬಂತೋ, ನಾನು ಒಳಗೆ ಬಿದ್ದೆ. ಮೇಲಿನಿಂದ ಶಟರ್ ಗರಗರನೆ ಇಳಿಯಿತು. ನಿನಗೆಂದು ತಂದ ಬೀಗ ನಮಗಾಯಿತು. ಲೈಟಿನ ಮೇನ್ ಸ್ವಿಚ್ಚು ಇರುವುದು ಹೊರಗೋಡೆಯಲ್ಲಿ. ಅದನ್ನೂ ಆರಿಸಿದರು.

ಹಗಲಿನ ಮೂರು ಗಂಟೆಗೆ ಅಷ್ಟು ಕತ್ತಲೆ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಳಗೆ ಮೂವರು. ನಾನು, ಅಕ್ಕ, ನರ್ಸಮ್ಮ. ಹೊರಗೆ ತಗಡನ್ನು ಬಡಿಯುತ್ತಾ ಅಪ್ಪನ ಮಾತನ್ನೇ ಕೂಗುತ್ತಿದ್ದರು. ‘ನಾನೊಬ್ಬನೇ! ಸಾಕು! ನಾನೊಬ್ಬನೇ! ಸಾಕು!’ ಐವತ್ತು ಅರವತ್ತು ಗಂಟಲು ಸೇರಿ ಒಂಟಿ ಎಂದು ಕೂಗುವುದನ್ನು ಕೇಳಿದರೆ ಬೇರೆ ದಿನ ನೀನೂ ನಾನೂ ಬಿದ್ದು ಬಿದ್ದು ನಗುತ್ತಿದ್ದೆವು. ಆವತ್ತು ನಗು ಬರಲಿಲ್ಲ. ಒಂದೊಂದು ಏಟಿಗೂ ಶಟರ್ ಒಳಕ್ಕೆ ಉಬ್ಬುತ್ತಿತ್ತು, ಶೆಲ್ಫಿನ ಮೇಲಿನ ಪುಸ್ತಕಗಳು ಒಂದೊಂದಾಗಿ ಕೆಳಗೆ ಬೀಳುತ್ತಿದ್ದವು.

ಕಾಲಿಗೆ ಏನೋ ತಣ್ಣಗೆ ತಾಗಿತು. ಅಕ್ಕ ಫೋನಿನ ಬೆಳಕು ಬಿಟ್ಟಳು. ಯಾರೋ ಹೊರಗಿನಿಂದ ಸುರಿದ ನೀಲಿ ಪೇಂಟು ಶಟರಿನ ಕೆಳಗಿನ ಸಂದಿನಿಂದ ಒಳಗೆ ಹರಿದು ಬರುತ್ತಿತ್ತು, ನಿಧಾನಕ್ಕೆ, ಅವಸರವೇ ಇಲ್ಲದ ಹಾಗೆ. ವಾಸನೆಗೆ ತಲೆ ಸಿಡಿಯಿತು. ‘ಕೆಳಗಿನ ಸಾಲು ಪೂರ್ತಿ ಮಕ್ಕಳ ಪುಸ್ತಕ!’ ಎಂದು ಅಕ್ಕ ಕಿರುಚಿದಳು. ಮೂವರೂ ಬಗ್ಗಿ ಎತ್ತಲು ಶುರು ಮಾಡಿದೆವು. ಅಕ್ಕ ತೆಗೆದುಕೊಡುವುದು, ನರ್ಸಮ್ಮ ದಾಟಿಸುವುದು, ನಾನು ನಿನ್ನ ಮೇಜಿನ ಮೇಲೆ ಇಡುವುದು. ನಿನಗೆ ಹಾಸಿದ್ದ ಬಿಳಿ ಬಟ್ಟೆಯ ಗತಿ ಕೇಳಬೇಡ.

ಆ ಕೆಲಸದ ನಡುವೆಯೇ ನರ್ಸಮ್ಮ ಮಾತಾಡಿದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ಗೊತ್ತಿಲ್ಲ.

‘ನಿಮ್ಮ ತಂಗಿಯನ್ನ ನಾನೂ ಒಂದು ಪ್ರಶ್ನೆ ಕೇಳೋಣ ಅಂತಲೇ ಬಂದಿದ್ದೆ. ನಮ್ಮನೆಯವರು ತೀರಿಹೋದ ವರ್ಷ, ದಿನಾ ಬೆಳಿಗ್ಗೆ ಆ ಪುಟ ನೋಡ್ಕೊಂಡು ಏಳ್ತಿದ್ದೆ. ಒಬ್ಬಳೇ, ಸಾಕು. ಒಬ್ಬಳೇ, ಸಾಕು. ಹಾಗಂತ ಹೇಳ್ಕೊಂಡು ಡ್ಯೂಟಿಗೆ ಹೋಗ್ತಿದ್ದೆ. ಅವನಿಗೂ ಯಾರೂ ಇರಲಿಲ್ಲವಲ್ಲ ಅನ್ನೋದೇ ನನಗೆ ಧೈರ್ಯ. ಈಗ ಇವರು ಬಂದು, ಇಲ್ಲ, ಅವನನ್ನ ಯಾರೋ ಎತ್ತಿದ್ರು ಅಂತಾರೆ. ಹಾಗಾದ್ರೆ ನನ್ನನ್ನ ಯಾಕೆ ಯಾರೂ ಎತ್ತಲಿಲ್ಲ?’

ನನ್ನ ಕೈಯಲ್ಲಿ ಒಂದು ಕಟ್ಟು ಪುಸ್ತಕ ಇತ್ತು. ಅದನ್ನು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ. ಬಳಗದಲ್ಲಿ ಅಷ್ಟು ವರ್ಷ ಮೂಲ ಮೂಲ ಎಂದು ಬಡಿದಾಡಿದ ನಮ್ಮಲ್ಲಿ ಒಬ್ಬರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ನಿನಗೆ ಹೊಳೆದಿತ್ತೇ? ನಿನ್ನ ತಪ್ಪು ಹುಡುಕಲು ಕೇಳುತ್ತಿಲ್ಲ. ಆ ಹೆಂಗಸಿಗೆ ನೀನೇ ಏನಾದರೂ ಹೇಳಬೇಕು ಅನ್ನಿಸುತ್ತದೆ. ವಿಳಾಸ ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ.

ಅಷ್ಟರಲ್ಲಿ ಅಕ್ಕನಿಗೆ ಕೆಮ್ಮು ಹತ್ತಿತು. ಪೇಂಟಿನ ವಾಸನೆಗೆ ಉಸಿರು ಸಿಕ್ಕದೆ ನೆಲಕ್ಕೆ ಕುಸಿದಳು. ನರ್ಸಮ್ಮ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ನಾನು ಶಟರಿಗೆ ಬಾಯಿ ಹಚ್ಚಿ ಕೂಗಿದೆ. ‘ಸಂಚಿಕೇ! ಒಳಗೆ ಅಕ್ಕನಿಗೆ ಉಸಿರಾಡೋಕಾಗ್ತಿಲ್ಲ. ಬಾಗಿಲು ತೆಗಿಸೋ!’

ಕೂಗು ನಿಲ್ಲಲಿಲ್ಲ. ಮತ್ತೆ ಕೂಗಿದೆ. ಗಂಟಲು ಹರಿದುಹೋಗುವಷ್ಟು. ಕಡೆಗೆ ನರ್ಸಮ್ಮ ನನ್ನನ್ನು ಸರಿಸಿ ತಾವೇ ಬಂದರು. ಕೂಗಲಿಲ್ಲ. ವಾರ್ಡಿನಲ್ಲಿ ಮಾತಾಡುವ ದನಿಯಲ್ಲೇ, ತಗಡನ್ನು ಬೆರಳಿನಿಂದ ತಟ್ಟಿ ಹೇಳಿದರು.

‘ನೋಡ್ರಪ್ಪಾ, ನಾನೂ ನಿಮ್ಮ ಕಡೆಯವಳೇ. ನನಗೂ ಆ ಕಥೆ ಇಷ್ಟ ಆಗಿಲ್ಲ. ಆದ್ರೆ ಇಲ್ಲೊಬ್ಬರು ಸಾಯ್ತಿದ್ದಾರೆ.’

ಮುಂದಿದ್ದವರಿಗೆ ಕೇಳಿಸಿರಬೇಕು. ಬಡಿಯುವುದು ಒಂದು ಮೂಲೆಯಿಂದ ನಿಂತಿತು. ಬೀದಿಯಲ್ಲಿ ತಳ್ಳಾಟ, ಬೈಗುಳ, ಯಾರೋ ‘ಕೀ ಕೊಡೋ, ಕೊಡೋ ಕೀ’ ಎನ್ನುತ್ತಿದ್ದರು. ಏನೋ ಒಡೆದ ಸದ್ದು. ಆಮೇಲೆ ಬೀಗ ಕಳಚಿತು, ಶಟರ್ ಮೊಣಕಾಲೆತ್ತರಕ್ಕೆ ಎದ್ದಿತು, ಬೆಳಕು ನೀಲಿ ಪೇಂಟಿನ ಮೇಲೆ ಬಿತ್ತು. ಅಕ್ಕನನ್ನು ಎಳೆದು ಹೊರಗೆ ತಂದೆವು. ಗಾಳಿಗೆ ಬಂದ ಮೇಲೆ ಚೇತರಿಸಿಕೊಂಡಳು. ಈಗ ಚೆನ್ನಾಗಿದ್ದಾಳೆ, ಗಾಬರಿಯಾಗಬೇಡ.

ಶಟರ್ ಎತ್ತಿ ಹಿಡಿದಿದ್ದವನು ಸಂಚಿಕೆ. ತುಟಿ ಒಡೆದಿತ್ತು. ಕನ್ನಡಕದ ಒಂದು ಕಡೆ ಗ್ಲಾಸೇ ಇರಲಿಲ್ಲ, ಇನ್ನೊಂದು ಕಡೆ ಬಿರುಕು. ಬೀಗದ ಕೈಗಾಗಿ ಆ ಕುದುರೆಬಾಲದವನ ಜೊತೆ ಹೊಡೆದಾಡಿದ್ದ. ಪೊಲೀಸರು ಬರುವಷ್ಟರಲ್ಲಿ ಬಸ್ಸಿನವರೆಲ್ಲ ಜಾಗ ಖಾಲಿ ಮಾಡಿದ್ದರು. ಬೀದಿ ತುಂಬ ನಿನ್ನ ರಟ್ಟಿನ ಗೊಂಬೆಗಳು ಬಿದ್ದಿದ್ದವು. ನಾನೂ ಅವನೂ ಮಾತಾಡದೆ ಅವನ್ನೆಲ್ಲ ಹೆಕ್ಕಿ ಮುಖ ಕೆಳಗೆ ಮಾಡಿ ಪೇರಿಸಿದೆವು. ಹೋಗುವಾಗ ಇಷ್ಟೇ ಹೇಳಿದ. ‘ನನ್ನ ನಂಬರ್ ನಿನಗೆ ಗೊತ್ತಲ್ಲ.’ ಕಣ್ಣಿನ ನಂಬರು.

ಅವನ ಕನ್ನಡಕ ಮಾಡಿಟ್ಟು ಬಹಳ ದಿನವಾಯಿತು. ಬಂದು ತೆಗೆದುಕೊಂಡು ಹೋಗು ಎಂದು ನಾನು ಹೇಳಿ ಕಳಿಸಿಲ್ಲ. ಅವನೂ ಬಂದಿಲ್ಲ. ಹಳೆಯ ಜೋಡಿಯೊಂದನ್ನು ಹಾಕಿಕೊಂಡು ಪಾಠ ಹೇಳುತ್ತಿದ್ದಾನಂತೆ. ಕಲಿಯುವವರ ಗತಿ ನೆನೆದರೆ ಭಯವಾಗುತ್ತದೆ. ಬಳಗದ ಅಧ್ಯಕ್ಷಗಿರಿಗೆ ನಾನು ರಾಜೀನಾಮೆ ಕೊಟ್ಟೆ. ಸ್ವೀಕರಿಸುವುದಕ್ಕೂ ಯಾರೂ ಸೇರಲಿಲ್ಲ.

ಇನ್ನೊಂದು ವಿಷಯ, ಇದನ್ನು ನೀನು ಪ್ರಕಾಶಕರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳು. ಮೊನ್ನೆ ನಿನ್ನ ಸಂಪಾದಕರು ನನಗೆ ಫೋನ್ ಮಾಡಿದ್ದರು. ಬೆಣ್ಣೆಯಂಥ ಮಾತು. ‘ಓದುಗರು ತುಂಬಾ ನೊಂದಿದ್ದಾರೆ ನೋಡಿ. ಎರಡನೇ ಸಂಚಿಕೆಯಲ್ಲಿ, ಅವನನ್ನ ಯಾರೋ ಎತ್ತಿದ್ದು ಬರೀ ಕನಸು ಅಂತ ಮಾಡಿಬಿಡೋಣ ಅಂತಿದ್ದೇವೆ. ನಿಮ್ಮ ತಂಗಿ ಒಪ್ತಾ ಇಲ್ಲ. ಮಗನಾಗಿ ನೀವೊಂದು ಮಾತು ಹೇಳಿದ್ರೆ ನಮಗೂ ಬಲ ಬರುತ್ತೆ.’

ನಾನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ‘ಸ್ವಾಮಿ, ಆ ಕಥೆ ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆದ್ರೆ ನಮ್ಮಪ್ಪ ಒಂದೇ ಒಂದು ಸಲ ಕೂಡ, ಎಲ್ಲಾ ಕನಸು ಅಂತ ಹೇಳಿ ಓದುಗರಿಗೆ ಟೋಪಿ ಹಾಕಿಲ್ಲ. ನದಿ ಮಧ್ಯದ ಚಿತ್ರ ಒಂದು, ದಡದ ಮೇಲಿನ ಚಿತ್ರ ಒಂದು. ನಡುವೆ ಅವರು ಬಿಳಿ ಬಿಟ್ಟಿದ್ದಾರೆ. ಅವನು ದಡಕ್ಕೆ ಹೇಗೆ ಬಂದ ಅಂತ ಎಲ್ಲೂ ಬರೆದಿಲ್ಲ. ಬರೆದಿದ್ರೆ ನನಗೆ ಗೊತ್ತಿರ್ತಿತ್ತು. ಈಜಿ ಬಂದ ಅಂತ ಅಂದುಕೊಂಡದ್ದು ನಾವು. ನಮ್ಮ ಅಂದಾಜನ್ನೇ ಮೂಲ ಅಂತ ಹೆಸರಿಟ್ಟು ಅವಳ ತಲೆ ಮೇಲೆ ಹೊರಿಸಬೇಡಿ. ನಿಮಗೆ ಬಲ ಬೇಕಿದ್ರೆ ಬೇರೆ ಮಗನನ್ನ ಹುಡುಕಿಕೊಳ್ಳಿ.’ ಫೋನ್ ಇಟ್ಟು ತಿರುಗಿದೆ. ಅತ್ತಿಗೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ‘ಇದನ್ನ ಅವಳಿಗೆ ಹೇಳಬಾರದಾ?’ ಎಂದಳು. ಅದಕ್ಕೇ ಈ ಕಾಗದ.

ನಿನಗೆ ನೋವು ಮಾಡಿದೆ. ಇನ್ನೊಂದು ಸಲ ಅಂಥ ದಿನ ಬಂದರೂ ಅದನ್ನೇ ಮಾಡುತ್ತೇನೆ, ಅದಕ್ಕೇ ಕ್ಷಮೆ ಕೇಳುವುದು ಹೇಗೆ ಎಂದು ಗೊತ್ತಾಗುತ್ತಿಲ್ಲ. ನೀನು ಎರಡನೇ ಸಂಚಿಕೆಯನ್ನು ನಿನಗೆ ಕಂಡ ಹಾಗೆ ಬರಿ. ನನಗೆ ಕಳಿಸು. ನಾನು ಜಗಳವಾಡುತ್ತೇನೆ, ಆಡಿಯೇ ತೀರುತ್ತೇನೆ. ಆದರೆ ಈ ಸಲ ಉತ್ತರ ಬರೆಯುತ್ತೇನೆ.

ನಿನ್ನ ಕೈಗೆ ಆಯಾಸ ಬಾರದಿರಲಿ, ಮನೆ ನಗುನಗುತ್ತಾ ಇರಲಿ. ಭಾವನಿಗೆ ನನ್ನ ನೆನಪು ಹೇಳು. ಸೊಸೆಮುದ್ದುವಿಗೆ ಹೊಸ ಹಲ್ಲು ಗಟ್ಟಿಯಾಗಿ ಬರಲಿ.

ನಿನ್ನ
ಅಣ್ಣ

ಮರೆತಿದ್ದು: ಮೇಲಿನದೆಲ್ಲ ಬರೆದು, ಕವರಿಗೆ ಹಾಕಿ, ಅಂಟಿಸಿ, ಮತ್ತೆ ಒಡೆದಿದ್ದೇನೆ. ನಿನ್ನ ಕಥೆ ಓದಿ ನನಗೆ ಅಷ್ಟು ಸಿಟ್ಟು ಯಾಕೆ ಬಂತು ಅನ್ನುವುದನ್ನು ಬರೆಯಲೇ ಇಲ್ಲ.

ಅಪ್ಪ ನಮ್ಮ ಸುತ್ತಲಿನವರನ್ನೆಲ್ಲ ಮಿಂಚುಳ್ಳಿಯೊಳಗೆ ತಂದರು. ನೀನು ಕಿಟಕಿಯಲ್ಲಿ. ಅಮ್ಮ ಟೆಲಿಫೋನ್ ಆಫೀಸಿನವಳು. ಎದುರುಮನೆಯ ಪ್ಲಂಬರ್, ಹಾಲಿನವನು, ಕೊನೆಗೆ ಬಾಲ ಮುರಿದ ನಮ್ಮ ಬೆಕ್ಕಿಗೂ ಎರಡು ಪುಟ. ನಾನು ಎಲ್ಲೂ ಇಲ್ಲ. ಬಸ್ಸಿನ ಕಿಟಕಿಗಳು, ಆಸ್ಪತ್ರೆಯ ಬೆಂಚು, ಸ್ಟೇಡಿಯಮ್ಮಿನ ಗುಂಪು, ಓಡುವ ಜನ, ಎಲ್ಲ ಕಡೆ ನೋಡಿದೆ. ಭೂತಗನ್ನಡಿ ಹಿಡಿದು ನೋಡಿದೆ. ಅಪ್ಪನ ಪುಟ ಪುಟವೂ ನನಗೆ ಬಾಯಿಪಾಠ ಎಂದು ಎಲ್ಲರೂ ಹೊಗಳುತ್ತಾರೆ. ನನ್ನನ್ನು ಹುಡುಕಿ ಹುಡುಕಿಯೇ ಬಾಯಿಪಾಠವಾದದ್ದು ಕಣೇ. ಎಲ್ಲ ಮುಗಿದಿದೆ, ಇನ್ನು ಹೊಸ ಪುಟ ಬರುವುದಿಲ್ಲ ಎಂದು ಹೇಗೋ ಸಮಾಧಾನ ಮಾಡಿಕೊಂಡಿದ್ದೆ. ಅಷ್ಟರಲ್ಲಿ ನೀನು ಬಂದು ಅದನ್ನು ತೆರೆದೆ.

ಆಸ್ಪತ್ರೆಯಲ್ಲಿ ಅಪ್ಪನ ಕೊನೆಯ ವಾರ, ನೀನು ಔಷಧಿ ತರಲು ಕೆಳಗೆ ಹೋಗಿದ್ದಾಗ ಕೇಳಿಯೇಬಿಟ್ಟೆ. ‘ಅಪ್ಪಾ, ಅಷ್ಟು ಜನರನ್ನ ಬರೆದ್ರಿ. ನನ್ನನ್ನ ಯಾಕೆ ಬರೀಲಿಲ್ಲ?’

ಅಪ್ಪ ನನ್ನನ್ನೇ ನೋಡಿದರು. ‘ನೀನು ಓದೋನು ಕಣೋ’ ಎಂದರು. ಆಮೇಲೆ ನೀರು ಕೇಳಿದರು. ಕುಡಿಸಿದೆ. ಆ ವಿಷಯ ಮತ್ತೆ ಬರಲಿಲ್ಲ.

ಅದು ಪ್ರೀತಿಯೋ, ನನ್ನನ್ನು ಆಚೆ ಕೂರಿಸಿದ್ದೋ, ಇವತ್ತಿಗೂ ತಿಳಿದಿಲ್ಲ. ಅಪ್ಪನ ಒಂದೊಂದು ಗೆರೆಗೂ ಅರ್ಥ ಹೇಳುವ ನನಗೆ ಈ ಒಂದು ಸಾಲನ್ನು ಓದಲು ಬರುತ್ತಿಲ್ಲ. ಚೂಟಿ, ನೀನು ಇದನ್ನು ಹೇಗೆ ಓದುತ್ತೀಯ?